ಎಡಗೈ ಮಣಿಕಟ್ಟು

ಏಪ್ರಿಲ್ 6, ರವಿವಾರ

ಬೆಳಗಿನ ಬಸ್ಸಿಗೆ ಕಮಲಾಪುರ. ಸೀಟು ಸಿಕ್ಕಿತು, ಆದರೆ ಬಿಸಿಲ ಕಡೆಯದು. ನನ್ನ ನಸೀಬಿಗೆ ನೆರಳಿನ ಸೀಟು ಯಾವತ್ತೂ ಬಂದಿಲ್ಲ.

ರಮಾ ಮೈದಾನದಲ್ಲೇ ಇದ್ದಳು. ಪರೀಕ್ಷೆ ಇರಲಿ, ರಜೆ ಇರಲಿ, ಅವಳು ಸಿಗುವುದು ಅಲ್ಲೇ. ಹದಿಮೂರು ತುಂಬಿದ ಮಗಳು ಮೂರು ವರ್ಷದಿಂದ ನನ್ನ ಅತ್ತೆ ಪುತಳಾಬಾಯಿಯ ಹತ್ತಿರ ಇದ್ದಾಳೆ, ಇಲ್ಲಿಯ ಶಾಲೆಯ ದೌಲಪ್ಪ ಸರ್ ಹಾಕಿ ಆಟ ಕಲಿಸುತ್ತಾರೆ ಎಂಬ ಒಂದೇ ಕಾರಣಕ್ಕೆ. ಕಲಬುರಗಿಯಲ್ಲಿ, ಗಾಜಿಪುರದ ಮನೆಯಲ್ಲಿ — ನಾನು, ನನ್ನ ಗಂಡ ಗೌತಮ, ಒಂದು ಟಿ.ವಿ. ಮಗಳನ್ನು ನೋಡಲು ಟಿಕೆಟ್ ತೆಗೆಸುವ ತಾಯಿ ನಾನು.

ಮನೆಗೆ ಬಂದವಳೇ ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಂತಳು. ತಿಂಗಳಿಗೊಮ್ಮೆ ಇದೊಂದು ಶಾಸ್ತ್ರ. ನಾನು ಪೆನ್ಸಿಲ್ ಹಿಡಿದು “ಉಸಿರು ಹಿಡಿ” ಅಂದೆ. ಕೆಲಸದ ಚಟ. ಆಸ್ಪತ್ರೆಯ ಎಕ್ಸ್‌ರೇ ರೂಮಿನಲ್ಲಿ ಹದಿನೆಂಟು ವರ್ಷದಿಂದ ಇದೇ ಮಂತ್ರ — ಅಲ್ಲಾಡಬ್ಯಾಡ್ರಿ, ಉಸಿರು ಹಿಡೀರಿ, ಬಿಡ್ರಿ.

ಗೀಟು ಹೋದ ತಿಂಗಳದಕ್ಕಿಂತ ಒಂದು ನೂಲಿನಷ್ಟು ಮೇಲೆ.

“ಬರೇ ಇಷ್ಟಾ?” ರಮಾಳ ಮುಖ ಇಳಿಯಿತು.

“ಯವ್ವಾ, ಇನ್ನೆಷ್ಟ್ ಬೆಳೀತಿ? ಛತ್ತಿಗಿ ಹತ್ತತಿ!” ಅತ್ತೆ ಕೆಂಪು ಬಾಳೆಹಣ್ಣು ಸುಲಿದು ಅವಳ ಬಾಯಿಗೆ ತುರುಕಿದರು. ಮೊಮ್ಮಗಳ ಎತ್ತರ ತಮ್ಮ ಉಂಡಿ, ತಮ್ಮ ಬಾಳೆಹಣ್ಣಿನ ಪುಣ್ಯ ಎಂದು ಓಣಿಗೆಲ್ಲ ಹೇಳಿದ್ದಾರೆ. ಟೀಮಿನಲ್ಲಿ ಅವಳೇ ಎತ್ತರ. ಹಿಂದೆ ಫುಲ್‌ಬ್ಯಾಕ್ ಆಗಿ ನಿಲ್ಲುತ್ತಾಳೆ, ಬಂದ ಚೆಂಡನ್ನು ಆ ಕಡೆಯ ಗೋಡೆಗೆ ಮುಟ್ಟಿಸುತ್ತಾಳೆ. ಈಗ ಐದಡಿ ಎರಡಿಂಚು. ಅವಳಿಗೆ ಐದು-ಏಳು ಬೇಕಂತೆ.

ಸಂಜೆ ದೌಲಪ್ಪ ಸರ್ ಬಂದರು. ಚಹಾ ಮುಟ್ಟದೆ ಮಾತು ತೆಗೆದರು.

“ಬಾಯಾರ, ನನ್ನ ಹತ್ರ ಏನದ? ಮಣ್ಣು, ಕಲ್ಲು. ಇನ್ನ ಇಟ್ಕೊಂಡ್ರ ಪಾಪ ಬರ್ತದ. ದೂರ ಒಂದ್ ಕ್ರೀಡಾ ಹಾಸ್ಟೆಲ್ ಅದ, ಹದಿನಾಲ್ಕರ ಒಳಗಿನವ್ರಿಗಿ ಮೇ ತಿಂಗಳದಾಗ ಸೆಲೆಕ್ಷನ್. ನಿಮ್ಮ ಕಲಬುರಗಿದಾಗೂ ಒಂದ್ ಅಕಾಡೆಮಿ ತೆಗದಾರ, ಟರ್ಫ್ ಅದ. ಎಲ್ಲಿಗಿ ಅನ್ನೋದು ನೀವ್ ನೋಡ್ರಿ.”

ನೋಡುವುದು ನನ್ನ ಕೆಲಸವೇ.

ಏಪ್ರಿಲ್ 9

ಗೌತಮ ನಂದೂರದ ದಾಲ್ ಮಿಲ್ಲಿನಿಂದ ಬಂದರು. ರೆಪ್ಪೆಯ ಮೇಲೂ ಬೇಳೆಯ ಧೂಳು. ಕೈ ತೊಳೆಯುವ ಮೊದಲೇ ಹಾಸ್ಟೆಲ್ ಪುರಾಣ.

“ಅಲ್ಲಿ ಹಾಕಿಬಿಡೋಣು. ಸಾಲಿ, ಊಟ, ಆಟ, ಎಲ್ಲಾ ಒಂದೇ ಕಡಿ. ಅಲ್ಲಿಂದ ಸ್ಟೇಟ್ ಟೀಮ್. ಆಮ್ಯಾಲ ರೈಲ್ವೇ ನೌಕರಿ.”

“ಹದಿಮೂರು ವರ್ಷದಾಕಿರಿ. ಪಿಂಚಣಿನೂ ಈಗೇ ಮಾಡಿಸ್ರಿ.”

ನಕ್ಕರು. ಆದರೆ ಬಿಡಲಿಲ್ಲ. ನನಗೆ ಅಕಾಡೆಮಿಯೇ ಬೇಕು. ಟರ್ಫ್ ಇದೆ, ಕೋಚ್ ಇದ್ದಾರೆ ಅಂತೆಲ್ಲ ವಾದ ಮಾಡಿದೆ. ಅಸಲಿ ಮಾತು ಅದಲ್ಲ. ಅಕಾಡೆಮಿಗೆ ಬಂದರೆ ಮಗಳು ಮನೆಯಲ್ಲಿ ಮಲಗುತ್ತಾಳೆ. ಅಷ್ಟೇ. ಇದನ್ನು ಯಾರೂ ಓದುವುದಿಲ್ಲ, ಬರೆದುಬಿಡಬಹುದು.

ಏಪ್ರಿಲ್ 13, ರವಿವಾರ

ಅಕಾಡೆಮಿಯ ಟ್ರಯಲ್, ರಜೆಗೆ ಬಂದ ರಮಾಳನ್ನು ಕರೆದುಕೊಂಡು. ಊರ ಹೊರಗೆ, ಸುತ್ತ ತಗಡು, ನಡುವೆ ಹಸಿರು ಟರ್ಫ್. ಬಿಸಿಲಿಗೆ ನೀರು ಹೊಡೆದರೂ ಹಬೆ ಏಳುತ್ತಿತ್ತು.

ಕೋಚ್ ವಿವೇಕಾನಂದ ಅವರು ಮೊದಲು ಅವಳ ಆಟ ನೋಡಲಿಲ್ಲ, ಅವಳನ್ನು ನೋಡಿದರು. ಕಾಲಿನಿಂದ ತಲೆಯವರೆಗೆ. ಎರಡೂ ಕೈ ಚಾಚಿಸಿ ಟೇಪ್ ಹಿಡಿದರು. ಆಮೇಲೆ ಹೊಡೆ ಅಂದರು. ಹೊಡೆದಳು. ಚೆಂಡು ತಗಡಿಗೆ ಬಡಿದ ಸಪ್ಪಳಕ್ಕೆ ಹೊರಗಿನ ನಾಯಿಗಳು ಎದ್ದವು.

“ಮೇಡಂ, ಈಗೇ ಇಷ್ಟ್ ಅದಾಳ. ಇನ್ನಾ ಬೆಳೀತಾಳ. ಐದು-ಏಳು ಗ್ಯಾರಂಟಿ. ಸೀದಾ ಎ ಬ್ಯಾಚಿಗಿ ಹಾಕ್ತೀನಿ.”

ರಮಾ ನನ್ನ ಕಡೆ ನೋಡಿದಳು. ಹಲ್ಲೆಲ್ಲ ಹೊರಗೆ.

ಆಚೆ ಮೂಲೆಯಲ್ಲಿ ಚಿಕ್ಕ ಮಕ್ಕಳ ಬ್ಯಾಚ್ ಇತ್ತು. ಅವರ ನಡುವೆ ಒಬ್ಬ ಹೆಂಗಸು ದುಪಟ್ಟಾ ಸೊಂಟಕ್ಕೆ ಬಿಗಿದು ಒದರುತ್ತಿದ್ದಳು. ದೂರದಿಂದ ಅವಳೂ ಒಬ್ಬ ಹುಡುಗಿಯೇ ಅಂದುಕೊಂಡಿದ್ದೆ.

ಏಪ್ರಿಲ್ 14

ಬಾಬಾಸಾಹೇಬರ ಜಯಂತಿ. ರಮಾ ನೀಲಿ ಡ್ರೆಸ್ಸು. ಮೆರವಣಿಗೆಯಲ್ಲಿ ಗೌತಮನಿಗಿಂತ ಮುಂದೆ, ನನಗಿಂತ ಜೋರು. ಮನೆಯಲ್ಲಿ ಜನ, ಜಾಮೂನು ಸಾಲಲಿಲ್ಲ. ಬಂದವರೆಲ್ಲ “ಹುಡುಗಿ ಭಾರಿ ಬೆಳದಾಳ ನೋಡು” ಅಂದರು. ಒಬ್ಬರಾದರೂ ಬೇರೆ ಮಾತು ಆಡಬಾರದೇ.

ಏಪ್ರಿಲ್ 17, ಮಧ್ಯಾಹ್ನ

ಅತಿ ಜಾಣತನ ಮಾಡಿದೆ.

ಹಾಸ್ಟೆಲಿನ ಸೆಲೆಕ್ಷನ್ನಿಗೆ ಎಡಗೈ ಮಣಿಕಟ್ಟಿನ ಎಕ್ಸ್‌ರೇ ಕಡ್ಡಾಯ. ಹುಟ್ಟಿದ ದಾಖಲೆ ನಂಬುವುದಿಲ್ಲ, ಎಲುಬು ನೋಡಿ ವಯಸ್ಸು ಕಟ್ಟುತ್ತಾರೆ. ಇಂಥ ಕೈಗಳನ್ನು ನಾನು ಬೇಕಾದಷ್ಟು ತೆಗೆದಿದ್ದೇನೆ. ಅಪ್ಪ-ಅವ್ವ ಹೊರಗೆ ಕೂತು ಆಣೆ ಹಾಕುತ್ತಿರುತ್ತಾರೆ, ನಾನು ಒಳಗೆ ನಗುತ್ತಿರುತ್ತೇನೆ. ಬಾಯಿ ಸುಳ್ಳಾಡುತ್ತದೆ, ಎಲುಬು ಆಡುವುದಿಲ್ಲ ಅಂತ.

ಗೌತಮನಿಗೆ ಹಾಸ್ಟೆಲ್ ಬೇಕು ಅಂತಾದರೆ ಮೊದಲೇ ನಾವೇ ನೋಡಿಬಿಡೋಣ ಅಂದುಕೊಂಡೆ. ಡಾಕ್ಟರ್ ಅಣವೀರಪ್ಪನವರನ್ನು ಕೇಳಿ ಚೀಟಿ ಬರೆಸಿದೆ. ಕಿರಾಣಿ ಅಂಗಡಿಯವಳು ಮನೆಗೆ ಸಕ್ಕರೆ ಒಯ್ಯುವ ಹಾಗೆ.

ರಮಾ ಅಂಗೈ ಕೆಳಗೆ ಮಾಡಿ ಬೆರಳು ಅಗಲಿಸಿ ಇಟ್ಟಳು. ಉಗುರಿಗೆ ನೀಲಿ ಬಣ್ಣ, ಜಯಂತಿಯದು. “ಉಸಿರು ಹಿಡೀಬೇಕೇನು?” ಅಂದಳು. ಕೈಗೆ ಬೇಡ ಅಂದೆ. ಆದರೂ ಹಿಡಿದಳು.

ಬೆಳೆಯುವ ಮಕ್ಕಳ ಎಲುಬಿನ ತುದಿಗೆ ಒಂದು ಕಪ್ಪು ಗೆರೆ ಇರುತ್ತದೆ. ಎಲುಬು ಉದ್ದವಾಗುವುದು ಅಲ್ಲಿ. ಗೆರೆ ಅಗಲವಿದ್ದರೆ ಇನ್ನೂ ಬೆಳೆಯುವುದಿದೆ. ಗೆರೆ ಹೋದರೆ ಮುಗಿಯಿತು.

ಸ್ಕ್ರೀನಿನ ಮೇಲೆ ಕೈ ಬಂತು. ಗೆರೆ ಹುಡುಕಿದೆ.

ಅದೇ ದಿನ, ಸಂಜೆ

ಇನ್ನೊಮ್ಮೆ ನೋಡಿದೆ. ದೊಡ್ಡದು ಮಾಡಿ ನೋಡಿದೆ.

ಏಪ್ರಿಲ್ 24

ಏನೂ ಬರೆಯಲಿಲ್ಲ ಇಷ್ಟು ದಿನ. ಡ್ಯೂಟಿ ಮಾಡಿದೆ, ಅಡಿಗೆ ಮಾಡಿದೆ.

ಇವತ್ತು ಡಾಕ್ಟರ್ ಅಣವೀರಪ್ಪನವರು ಕೂರಿಸಿ ಹೇಳಿದರು. “ತ್ರಿವೇಣಿ, ನಿಮಗ ನಾ ಏನ್ ಹೇಳಲಿ, ನೀವೇ ನೋಡೀರಿ. ಎಲುಬು ಹದಿನೈದರದು. ಮೈ ನೆರೆದಿದ್ದು ಯಾವಾಗ?”

“ಹತ್ತಕ್ಕ.”

“ಅದಕ್ಕೇ. ಬೇಗ ಏರಿದವರು ಬೇಗ ನಿಲ್ತಾರ. ಜಡ್ಡಲ್ಲ ಇದು, ಅಕಿ ಮೈಯಿನ ರೀತಿ. ಇನ್ನ ಒಂದ್ ಇಂಚು ಬೆಳದ್ರ ಭಾಳ.”

ಹತ್ತಕ್ಕೆ ಮೈ ನೆರೆದಾಗ ಅತ್ತೆ ಆರತಿ ಮಾಡಿ ಕೊಬ್ಬರಿ-ಬೆಲ್ಲದ ಉಂಡಿ ತಿನ್ನಿಸಿದ್ದರು, ಗಟ್ಟಿ ಬೆಳೆಯಲಿ ಅಂತ. ಬೆಳೆದದ್ದು ಉಂಡಿಯಿಂದಲ್ಲ. ಬೆಳವಣಿಗೆ ಮೊದಲೇ ಬಂತು, ಮೊದಲೇ ಹೋಗುತ್ತಿದೆ. ಉಳಿದ ಹುಡುಗಿಯರದು ಈಗ ಶುರು.

ಅವಳನ್ನು ಹಡೆದ ದಿನ, ಹೊತ್ತು ನನಗೆ ಗೊತ್ತು. ಹಡೆದವಳಿಗೆ ಗೊತ್ತಿರುತ್ತದೆ. ಹಾಸ್ಟೆಲಿನವರು ಕೇಳುವುದು ನನ್ನನ್ನಲ್ಲ, ಮಣಿಕಟ್ಟನ್ನು. ಹೋದರೆ ವಯಸ್ಸು ಕದ್ದವಳು ಅನ್ನಿಸಿಕೊಂಡು ಬರಬೇಕು. ಹೊರಗೆ ಆಣೆ ಹಾಕುವವರ ಸಾಲಿನಲ್ಲಿ ನಾನೂ.

ಹಾಸ್ಟೆಲ್ ಮುಗಿಯಿತು.

ಏಪ್ರಿಲ್ 26

ಗೌತಮನಿಗೆ ಹೇಳಿದೆ. ಊಟ ಅರ್ಧಕ್ಕೆ ಬಿಟ್ಟರು.

“ಮಿಷನ್ ಕೆಟ್ಟಿರಬೇಕು.”

“ಮಿಷನ್ ನೆಟ್ಟಗದ.”

ಆಮೇಲೆ ದನಿ ಇಳಿಸಿದರು — “ಬ್ಯಾರೆ ಹುಡುಗಿ ಕೈ ಇಟ್ಟು ತೆಗದ್ರ? ನಿನ್ನ ಕೈಯಾಗೇ ಅದಲ್ಲ.”

ಸಿಟ್ಟು ನೆತ್ತಿಗೇರಿತು. “ಬ್ಯಾರೆದವ್ರ ಕೈ ಇಟ್ರ ನಿಮ್ಮ ಮಗಳು ಬೆಳೀತಾಳೇನ್ರಿ?” ತಾಟು ಎತ್ತಿ ಒಳಗೆ ಹೋದೆ. ಅವರು ಅಲ್ಲೇ ಕೂತಿದ್ದರು. ಕೆಟ್ಟ ಮನುಷ್ಯ ಅಲ್ಲ, ಮಗಳ ಹುಚ್ಚು.

ಹಾಸಿಗೆಯಲ್ಲಿ ಬಿದ್ದು ಲೆಕ್ಕ ಹಾಕಿದೆ. ಅಕಾಡೆಮಿಯವರು ತೆಗೆದುಕೊಂಡದ್ದು ಎತ್ತರ ನೋಡಿ. ಎರಡು ವರ್ಷಕ್ಕೆ ಉಳಿದವರು ಅವಳನ್ನು ದಾಟುತ್ತಾರೆ. ಆವಾಗ ಇವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಹಾಕಿ ಆಟ ಬಿಟ್ಟರೆ ಇವಳ ಹತ್ತಿರ ಏನೂ ಉಳಿಯುವುದಿಲ್ಲ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಬೇಕು: ಎರಡು ವರ್ಷ ಆದ ಮೇಲೂ ಹುಡುಗಿ ಇಷ್ಟೇ ಇದ್ದರೆ?

ಮೇ 4, ರವಿವಾರ

ಕಮಲಾಪುರ. ರಮಾ ಬಾಗಿಲಿಗೆ ಬೆನ್ನು ಹಚ್ಚಿದಳು. ಪೆನ್ಸಿಲ್ ಇಟ್ಟೆ. ಹಳೆಯ ಗೀಟಿನ ಮೇಲೇ ಕೂತಿತು, ಕೂದಲೆಳೆಯೂ ಆಚೀಚೆ ಇಲ್ಲ.

ಪೆನ್ಸಿಲ್ ಒಂದು ಬೆರಳು ಮೇಲೆ ಹೋಯಿತು. ಹೋಯಿತು ಅಂತ ಬರೆದಿದ್ದೇನೆ. ನಾನೇ ಒಯ್ದೆ.

“ಆಯಿ, ನೋಡಿಲ್ಲಿ!” ಅಂತ ಅಜ್ಜಿಯನ್ನು ಕರೆದು ಕುಣಿದಳು. ಅತ್ತೆ ಇನ್ನೊಂದು ಬಾಳೆಹಣ್ಣು ತಂದರು.

ಮೈದಾನಕ್ಕೆ ಹೋಗಿ ದೌಲಪ್ಪ ಸರ್‌ಗೆ ಎಲ್ಲ ಹೇಳಿದೆ. ಬಹಳ ಹೊತ್ತು ಸೀಟಿಯ ದಾರ ಬೆರಳಿಗೆ ಸುತ್ತಿದರು, ಬಿಚ್ಚಿದರು.

“ತಪ್ಪು ನಂದದ್ರೀ ಬಾಯಾರ. ಎತ್ತರದಾಕಿ ಸಿಕ್ಕಾಳ ಅಂತ ಹಿಂದ ನಿಲ್ಲಿಸ್ದೆ, ಹೊಡಿ ಅಂದೆ. ಹೊಡದ್ಳು, ಗೆದ್ದಿವಿ. ಸಣ್ಣ ಹುಡುಗ್ಯಾರಿಗಿ ಅಷ್ಟ್ ಹೊಡ್ಯಾಕ ಆಗಂಗಿಲ್ಲ, ಅದಕ್ಕ ಅವ್ರು ಬಾಲ್ ತಪ್ಪಿಸ್ಕೊಂಡು ಒಯ್ಯೋದು ಕಲ್ತ್ರು. ಈಕಿಗಿ ಅದರ ಗರಜೇ ಬೀಳಲಿಲ್ಲ. ನಾನೂ ಕಲಿಸಲಿಲ್ಲ.”

“ಇಷ್ಟೇ ಇದ್ರ ಏನ್ ಮಾಡ್ಬೇಕ್ರಿ ಸರ್?”

“ಶುರುದಿಂದ ಕಲಿಸೋರ ಹತ್ರ ಹಾಕ್ರಿ. ಎತ್ತರ ನೋಡಿ ಖುಷಿ ಆಗೋರ ಹತ್ರ ಬ್ಯಾಡ. ನಾನೂ ಅವ್ರೊಳಗೇ ಒಬ್ಬಾವ.”

ಮೇ 7

ರಜೆ ಹಾಕಿ ಅಕಾಡೆಮಿಗೆ ಹೋದೆ. ವಿವೇಕಾನಂದ ಅವರಿಗೆ ಪ್ರಶ್ನೆ ಕೇಳಿದೆ. “ಅಂಥಾ ಮಾತ್ಯಾಕ್ ಮೇಡಂ, ನಮ್ ಡಯಟ್ ಅದ, ಜಂಪಿಂಗ್ ಅದ…” ಎಂದು ನಕ್ಕರು. ಫೋನಿನಲ್ಲಿ ಕೈಯ ಚಿತ್ರ ತೋರಿಸಿದೆ. ನಗು ನಿಂತಿತು. ಟೋಪಿ ತೆಗೆದರು.

“ಸುಳ್ಳ್ ಹೇಳಂಗಿಲ್ಲ ಮೇಡಂ. ಈ ವರ್ಷ ಎ ಬ್ಯಾಚಿನಾಗ ಆಡ್ತಾಳ, ಗೆಲ್ತೀವಿ. ಬರೋ ವರ್ಷಾನೂ ಗೆಲ್ತೀವಿ. ಆಮ್ಯಾಲ ರಿವ್ಯೂ ಮಾಡ್ತೀವಿ.”

“ರಿವ್ಯೂ ಅಂದ್ರ?”

“…ಬೆಂಚು.”

ನೆಟ್ಟಗೆ ಹೇಳಿದರು, ಅಷ್ಟಕ್ಕಾದರೂ ಋಣಿ. ಹೊರಗೆ ಬರುವಾಗ ಆ ಒದರುವ ಹೆಂಗಸು ಎದುರಾದಳು. ಹೆಸರು ರೋಷನಬಿ, ಚಿಕ್ಕವರ ಬ್ಯಾಚ್ ಇವರದೇ. ಹಿಂದೆ ಆಡಿದವರು. ಬಂದದ್ದಾಗಿದೆ, ಇವರನ್ನೂ ಕೇಳಿಬಿಡೋಣ ಅಂತ ಕೇಳಿದೆ — ಎರಡು ವರ್ಷ ಆದ ಮೇಲೂ ಹುಡುಗಿ ಇಷ್ಟೇ ಇದ್ದರೆ?

“ಎಷ್ಟ್ ಅದಾಳ?”

“ಐದು-ಎರಡು.”

ಸೊಂಟದ ಮೇಲೆ ಕೈ ಇಟ್ಟುಕೊಂಡರು. “ಬಾಯಿ, ನಾ ಈಗ ಎದ್ದ್ ನಿಂತೀನಿ. ಕುಂತಿಲ್ಲ. ಬರಾಬರ್ ನೋಡ್ರಿ.”

ನಗು ತಡೆಯಲಾಗಲಿಲ್ಲ. ಇಷ್ಟು ದಿನದ ಮೇಲೆ ಮೊದಲ ಸಲ. ನನ್ನ ಕಿವಿಯ ಮಟ್ಟಕ್ಕೆ ಬರುತ್ತಾರೆ ಆಕೆ.

“ಲೇಕಿನ್ ಒಂದ್ ಮಾತ್. ನನ್ನ ಹತ್ರ ಬಂದ್ರ ಈ ಚಿಳ್ಳಿಪಿಳ್ಳಿ ಜೋಡಿನೇ ನಿಲ್ಲಬೇಕು. ಇವು ಅಕಿ ಕಾಲ ಸಂದಿಂದ ಬಾಲ್ ಒಯ್ತಾವ. ಶರಂ ಆಗ್ತದ. ದಿನಾ ಆಗ್ತದ. ತಡ್ಕೋತಾಳೇನು ಕೇಳ್ರಿ ಅಕಿಗಿ.”

ಮಗಳನ್ನು ಕೇಳಿ ಅಂದವರು ಇವರೊಬ್ಬರೇ.

ಮೇ 12, ಬುದ್ಧಪೂರ್ಣಿಮೆ

ಹಬ್ಬಕ್ಕೆ ರಮಾ ಬಂದಿದ್ದಳು. ಬುದ್ಧವಿಹಾರದಿಂದ ಬಂದ ಮೇಲೆ, ಖೀರು ಕುಡಿದ ಮೇಲೆ, ಹೇಳಿದೆ. ಮೊದಲು ಚಿತ್ರ ತೋರಿಸಿದೆ.

“ಇದು ನನ್ನ ಕೈಯಾ? ಎಷ್ಟ್ ಛಂದ ಅದ!”

ಆಮೇಲೆ ಉಳಿದದ್ದು. ಗೆರೆ, ಹಾಸ್ಟೆಲ್, ಎ ಬ್ಯಾಚು, ಬೆಂಚು. ರೋಗಿಗೆ ಹೇಳುವ ಹಾಗೆ ಹೇಳಿದೆ, ದನಿ ಏರಿಸದೆ, ಇಳಿಸದೆ. ಬೇರೆ ರೀತಿ ನನಗೆ ಬರುವುದಿಲ್ಲ.

“ಯಾಕ ತೆಗದಿ?” ಅಂದಳು. “ನಾ ಕೇಳಿದ್ದೆನೇನು? ನೀ ನೋಡಲಿಲ್ಲಂದ್ರ ಬೆಳೀತಿದ್ದೆನೋ ಏನೋ.”

ನೋಡಿದ್ದರಿಂದ ಎಲುಬು ನಿಲ್ಲುವುದಿಲ್ಲ ಅಂತ ನನಗೆ ಗೊತ್ತು. ಆದರೂ ಎದೆಗೆ ಬಡಿಯಿತು.

“ಆಯಿ ಮನ್ಯಾಗಿನ ಗೀಟು?”

“ಕಡೀದು ಸುಳ್ಳು. ಉಳದಾವು ಖರೇ.”

ಅದಕ್ಕೆ ಮಾತ್ರ ಅತ್ತಳು. ಉಳಿದ ಯಾವುದಕ್ಕೂ ಅತ್ತಿರಲಿಲ್ಲ. ನಾನು ರೋಷನಬಿ ಮೇಡಂ ಮಾತು ತೆಗೆದೆ. ಅಲ್ಲಿಗೇ ಹೋಗು ಅಂತ ನಾನು ಹೇಳುತ್ತೇನೆ ಅಂದೆ.

“ಹತ್ತು ವರ್ಷದ ಹುಡುಗ್ರ ಜೋಡಿ? ಎಲ್ಲಾರೂ ನಗ್ತಾರ.”

“ಹೂಂ. ನಗ್ತಾರ.”

“ಪಪ್ಪಾ, ನನ್ನ ಕಮಲಾಪುರಕ್ಕ ಬಿಡು.” ಗೌತಮ ಬೈಕು ತೆಗೆದರು. ಹೋಗುವಾಗ ನನ್ನ ಕಡೆ ನೋಡಲಿಲ್ಲ ಅವಳು.

ಮೇ 18, ರವಿವಾರ

ಹೋಗಿದ್ದೆ. ರಮಾ ಮನೆಗೆ ಬರಲಿಲ್ಲ, ಮೈದಾನದಲ್ಲೇ ಉಳಿದಳು. ಚೌಕಟ್ಟಿನ ಮೇಲಿನ ಆ ಸುಳ್ಳು ಗೀಟನ್ನು ಒದ್ದೆ ಬಟ್ಟೆಯಿಂದ ತಿಕ್ಕಿದ್ದಾಳೆ. ಬಣ್ಣವೂ ಎದ್ದಿದೆ.

“ನಿನ್ನ ಮಿಷನ್ನಿಗಿ ಬೆಂಕಿ ಹಚ್ಚಲಿ,” ಅತ್ತೆ ಒಲೆಯ ಕಡೆ ಮುಖ ಮಾಡಿ ಅಂದರು. “ಹುಡುಗಿ ಬಾಳಿಹಣ್ಣು ಮುಟ್ಟವಲ್ಲಳು.”

ಉಂಡು ಬಂದೆ. ಬಿಸಿಲ ಕಡೆಯ ಸೀಟು.

ಮೇ 25

ದೌಲಪ್ಪ ಸರ್ ಫೋನ್. ದಿನಾ ಸಣ್ಣ ಹುಡುಗಿಯರ ನಡುವೆ ನಿಂತು ಆಡುತ್ತಿದ್ದಾಳಂತೆ. ಅವಳೇ ಕೇಳಿದ್ದು. ಚೆಂಡು ಕಳೆದುಕೊಳ್ಳುತ್ತಾಳೆ, ಮತ್ತೆ ಓಡುತ್ತಾಳೆ, ಮತ್ತೆ ಕಳೆದುಕೊಳ್ಳುತ್ತಾಳೆ. “ನಿನ್ನಿ ಸ್ಟಿಕ್ ಜಾಲಿ ಗಿಡದಾಗ ಒಗದ್ ಹೋದ್ಳು. ಇವತ್ತ್ ತಾನೇ ಹೋಗಿ ಮುಳ್ಳು ಚುಚ್ಚಿಸ್ಕೊಂಡ್ ಹುಡುಕ್ಕೊಂಡ್ ಬಂದ್ಳು. ನೀವೇನ್ ಫೋನ್ ಮಾಡಬ್ಯಾಡ್ರಿ ಈಗ.”

ಮಾಡಲಿಲ್ಲ. ಫೋನು ಕೈಯಲ್ಲೇ ಹಿಡಿದು ಕೂತಿದ್ದೆ, ಅಷ್ಟೇ.

ಜೂನ್ 1, ರವಿವಾರ

ಬಾಗಿಲು ತೆಗೆದರೆ ರಮಾ. ಬೆನ್ನಿಗೆ ಬ್ಯಾಗು, ಕೈಯಲ್ಲಿ ಸ್ಟಿಕ್, ಪೊರಕೆ ಹಿಡಿದಂತೆ. ಹಿಂದೆ ಅತ್ತೆ, ಬಾಳೆಗೊನೆಯ ಸಮೇತ.

“ಸಣ್ಣವ್ರ ಬ್ಯಾಚಿಗಿ ಹೋಗ್ತೀನಿ. ಲೇಕಿನ್ ನೀ ನೋಡಾಕ ಬರಬ್ಯಾಡ.”

“ಆಯ್ತು.”

“ಖರೇನೇ ಬರಬ್ಯಾಡ.”

“ಆಯ್ತಂದ್ನಲ್ಲವ್ವ.”

ಗೌತಮ ಒಳಗೆ ಹೋಗಿ ಮುಖ ತೊಳೆದು ಬಂದರು. ಆಗಲೇ ಒಮ್ಮೆ ತೊಳೆದಿದ್ದರು.

ಜೂನ್ 4

ಹೋದೆ. ತಗಡಿನ ತೂತಿನಿಂದ ನೋಡಿದೆ. ಈ ಊರಲ್ಲಿ ಹೀಗೆ ನೋಡುವ ತಾಯಿ ನಾನೊಬ್ಬಳೇ ಇರಲಾರೆ.

ಎರಡು ಜಡೆಯ ಪುಟ್ಟಿಯೊಂದು ಅವಳ ಚೆಂಡು ಕದ್ದು ಹೋಯಿತು. ಮತ್ತೆ ಕದ್ದಿತು. ಮಕ್ಕಳು ನಕ್ಕವು. ರಮಾ ತಿರುಗಲು ಹೋಗಿ ಧಪ್ಪಂತ ಬಿದ್ದಳು. ನನ್ನ ಕೈ ತಗಡು ಹಿಡಿದಿತ್ತು, ಸುಡುತ್ತಿದ್ದದ್ದು ಆಮೇಲೆ ಗೊತ್ತಾಯಿತು.

“ಉಠ್! ಅಂಗಾತ್ ಬಿದ್ದ್ ಆಕಾಶ ನೋಡಾಕ ಬಂದಿಯೇನು?” ರೋಷನಬಿ.

ಎದ್ದಳು. ಆ ಪುಟ್ಟಿಯನ್ನೇ ಕೇಳಿದಳು, ಹೇಗೆ ಒಯ್ದೆ ತೋರಿಸು ಅಂತ. ಪುಟ್ಟಿ ತೋರಿಸಿತು, ಬಲು ದೌಲತ್ತಿನಿಂದ. ಇವಳು ಬಗ್ಗಿ, ಅದರ ಎತ್ತರಕ್ಕೆ ಬಗ್ಗಿ, ನೋಡಿದಳು.

ಮನೆಗೆ ಬಂದು ಅತ್ತದ್ದನ್ನು ಬರೆದಿಡುತ್ತೇನೆ. ಈರುಳ್ಳಿ ಹೆಚ್ಚುತ್ತಿರಲಿಲ್ಲ.

ಜೂನ್ 8, ರವಿವಾರ

ಬೆಳಿಗ್ಗೆ ರಮಾ ಪೆನ್ಸಿಲ್ ತಂದು ಕೈಗೆ ಕೊಟ್ಟಳು. ನಮ್ಮ ಗಾಜಿಪುರದ ಬಾಗಿಲಿಗೆ ಬೆನ್ನು ಹಚ್ಚಿ ನಿಂತಳು. ಈ ಚೌಕಟ್ಟಿನ ಮೇಲೆ ಇಷ್ಟು ವರ್ಷ ಒಂದೂ ಗೀಟಿಲ್ಲ.

“ಎಷ್ಟ್ ಇದ್ದೀನಿ, ಅಷ್ಟೇ ಹಾಕು.”

ಅಷ್ಟೇ ಹಾಕಿದೆ. ತಿರುಗಿ ನೋಡಿದಳು. ಪೆನ್ಸಿಲ್ ಕಸಿದುಕೊಂಡು ತನ್ನ ಕಿವಿಯ ಮಟ್ಟ ಹಿಡಿದು ಕೆಳಗೆ ಇನ್ನೊಂದು ಎಳೆದಳು.

“ಇದು ಯಾರದು?”

“ರೋಷನಬಿ ಮೇಡಂದು. ಇಲ್ಲಿಗಿ ಬರ್ತಾರ ಅವ್ರು. ನಿನ್ನಿ ನನ್ನ ಬಾಲ್ ಏಳು ಸಲ ಒಯ್ದ್ರು.” ಹೆಮ್ಮೆಯಿಂದ ಹೇಳಿದಳು. ಎಂಟನೇ ಸಲ ಒಯ್ಯಲಾಗಲಿಲ್ಲವಂತೆ.

ಆಮೇಲೆ ನನ್ನ ಭುಜ ಹಿಡಿದು ತಿರುಗಿಸಿ ಬಾಗಿಲಿಗೆ ಒತ್ತಿದಳು. “ನೀನೂ ನಿಲ್ಲು. ಅಲ್ಲಾಡಬ್ಯಾಡ. ಉಸಿರು ಹಿಡಿ.” ನನ್ನದೇ ದನಿ, ನನ್ನದೇ ಗತ್ತು. ಹಿಡಿದೆ. ತಲೆಯ ಮೇಲೆ ಪೆನ್ಸಿಲ್ ಸರ್ರಂತ ಹೋಯಿತು.

“ಪಪ್ಪಾ! ಆಯಿ! ಬರ್ರಿ ಇಲ್ಲಿ. ಮಮ್ಮಿದು ನಂದು ಒಂದೇ ಗೀಟು!”

ಎಲ್ಲರನ್ನೂ ಕರೆಯಲು ಒಳಗೆ ಓಡಿದಳು. ಉಸಿರು ಬಿಡು ಅನ್ನುವುದನ್ನು ಮರೆತೇಬಿಟ್ಟಳು. ನಾನು ಅಲ್ಲೇ, ಬಾಗಿಲಿಗೆ ಬೆನ್ನು ಹಚ್ಚಿ, ಇನ್ನೂ —